ಉಸಿರು ಮರಳಿಸುವ ಮದ್ದು, ಓಡುವ ಹೊತ್ತು

ಗಸಗಸೆ ಕಾಯಿಯ ಹಾಲಿನಿಂದ ದೊರೆಯುವ ಅಫೀಮು, ಅದರಿಂದ ಬೇರ್ಪಡಿಸಿದ ಮಾರ್ಫಿನ್, ಅದೇ ಬಗೆಯಲ್ಲಿ ವರ್ತಿಸುವಂತೆ ಪ್ರಯೋಗಾಲಯದಲ್ಲಿ ರೂಪಿಸಿದ ಫೆಂಟನಿಲ್ ಮುಂತಾದವು ಓಪಿಯಾಯ್ಡ್ ಎಂಬ ಒಂದೇ ಕುಲಕ್ಕೆ ಸೇರಿದ್ದು, ಮಿದುಳು ಮತ್ತು ಬೆನ್ನುಹುರಿಯ ಜೀವಕೋಶಗಳ ಮೇಲಿರುವ ಗ್ರಾಹಿಗಳೆಂಬ ತಾಣಗಳಲ್ಲಿ ಕೂತು ನೋವನ್ನು ಅಡಗಿಸುತ್ತವೆ, ಪ್ರಮಾಣ ಮೀರಿದರೆ ಉಸಿರನ್ನೂ ಅಡಗಿಸುತ್ತವೆ. ಅಮೆರಿಕದಲ್ಲಿ 1971ರಲ್ಲಿ ಮನುಷ್ಯರ ಬಳಕೆಗೆ ಅನುಮತಿ ಪಡೆದ ನಲಾಕ್ಸೋನ್ ಅದೇ ತಾಣಗಳಿಂದ ಓಪಿಯಾಯ್ಡನ್ನು ಎಬ್ಬಿಸಿ ತಾನು ಕೂರುತ್ತದೆ, ಆದರೆ ಕೂತಲ್ಲಿ ಏನನ್ನೂ ಮಾಡುವುದಿಲ್ಲ; ಈ ಸುಮ್ಮನಿರುವಿಕೆಯೇ ಅದರ ಗುಣ.

ನಾಯಿಗೂ ಬೆಕ್ಕಿಗೂ ಕಿಲೋ ತೂಕಕ್ಕೆ ಸಾಮಾನ್ಯವಾಗಿ 0.04 ಮಿಲಿಗ್ರಾಂನಷ್ಟು ನಲಾಕ್ಸೋನನ್ನು ರಕ್ತನಾಳಕ್ಕೆ ಚುಚ್ಚಿದರೆ ಒಂದೆರಡು ನಿಮಿಷದಲ್ಲಿ ಉಸಿರಾಟ ಚೇತರಿಸಿಕೊಳ್ಳುತ್ತದೆಯಾದರೂ, ಅದರ ಪ್ರಭಾವ ಉಳಿಯುವುದು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮಾತ್ರ. ಒಳಗಿರುವ ಓಪಿಯಾಯ್ಡ್ ಅದಕ್ಕಿಂತ ಹೆಚ್ಚು ಹೊತ್ತು ಉಳಿಯುವಂಥದ್ದಾದರೆ ಎದ್ದು ನಿಂತ ಪ್ರಾಣಿ ಮತ್ತೆ ಮಂಪರಿಗೆ ಜಾರುತ್ತದೆ. ಕುಂದಾಪುರ ತಾಲ್ಲೂಕಿನ ಸಿದ್ದಾಪುರದಂತಹ ಊರಿಗೆ ಈ ಲೆಕ್ಕ ಮುಖ್ಯವಾದುದು, ಏಕೆಂದರೆ ಅಲ್ಲಿಂದ ಹೊಸಂಗಡಿ ದಾಟಿ, ಬಾಳೆಬರೆ ಘಾಟಿ ಹತ್ತಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜನ್ನು ತಲುಪುವುದರೊಳಗೆ ಒಂದು ಚುಚ್ಚುಮದ್ದಿನ ಅವಧಿ ಮುಗಿದಿರುತ್ತದೆ.

ಅಪಾಯ ಬರುವುದು ಆಸ್ಪತ್ರೆಯ ಮಾರ್ಫಿನ್‌ನಿಂದಲೇ ಎಂದೇನೂ ಇಲ್ಲ. ಭೇದಿಗೆಂದು ಮನುಷ್ಯರು ನುಂಗುವ ಲೋಪೆರಮೈಡ್ ಕೂಡ ಓಪಿಯಾಯ್ಡೇ ಆಗಿದ್ದು, ಸಾಮಾನ್ಯ ಪ್ರಮಾಣದಲ್ಲಿ ಅದು ಮಿದುಳಿಗೆ ಹೋಗದಂತೆ ಕಾವಲು ಕಾಯುವ ಪ್ರೋಟೀನ್ ದೇಹದಲ್ಲಿರುತ್ತದೆ. ಕೋಲಿ ತಳಿಯ ಅನೇಕ ನಾಯಿಗಳಲ್ಲಿ ವಂಶವಾಹಿಯ ದೋಷದಿಂದ ಆ ಕಾವಲೇ ಇರದ ಕಾರಣ, ಕೆಲವೇ ಮಾತ್ರೆಗಳು ಅವನ್ನು ನೆಲಕ್ಕೊರಗಿಸಬಲ್ಲವು. ನೋವಿಗೆ ಕೊಡುವ ಟ್ರಮಡಾಲ್ ಎಂಬ ಓಪಿಯಾಯ್ಡ್ ಬೇರೆ ದಾರಿಯಿಂದಲೂ ಕೆಲಸ ಮಾಡುವುದರಿಂದ ನಲಾಕ್ಸೋನ್ ಅದನ್ನು ಭಾಗಶಃ ಮಾತ್ರ ತಡೆಯುತ್ತದೆ. ಬೆಕ್ಕಿನ ರೀತಿಯಂತೂ ಬೇರೆಯೇ: ನಾಯಿಯ ಕಣ್ಣಿನ ಪಾಪೆ ಕಿರಿದಾದರೆ ಬೆಕ್ಕಿನದು ಅಗಲವಾಗುತ್ತದೆ, ಮಂಪರಿನ ಬದಲು ಕೆಲವೊಮ್ಮೆ ಹುಚ್ಚೆದ್ದಂತೆ ಓಡಾಡುತ್ತದೆ.

ಶಸ್ತ್ರಚಿಕಿತ್ಸೆಯ ಬಳಿಕ ನಲಾಕ್ಸೋನನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟರೆ ಮತ್ತಿನೊಂದಿಗೆ ನೋವುಶಮನವೂ ಹೊರಟುಹೋಗಿ ಪ್ರಾಣಿ ನರಳುತ್ತದೆ. ಆದ್ದರಿಂದ ವೈದ್ಯರು ಅದನ್ನು ದುರ್ಬಲಗೊಳಿಸಿ, ಉಸಿರನ್ನು ಗಮನಿಸುತ್ತ, ತುಸುತುಸುವೇ ಕೊಡುತ್ತಾರೆ. ಇದರ ಬಂಧು ನಲ್ಟ್ರೆಕ್ಸೋನ್ ಬಾಯಿಯ ಮೂಲಕ ಕೊಡಬಹುದಾದ, ಹೆಚ್ಚು ಹೊತ್ತು ಉಳಿಯುವ ಮದ್ದು. ಕಾಲನ್ನು ಹುಣ್ಣಾಗುವಷ್ಟು ನೆಕ್ಕುತ್ತಲೇ ಇರುವ ಕೆಲವು ನಾಯಿಗಳಿಗೆ, ನೆಕ್ಕುವಾಗ ದೇಹವೇ ಸ್ರವಿಸುವ ಎಂಡಾರ್ಫಿನ್‌ನ ಸುಖವನ್ನು ತಡೆಯಲೆಂದು ಇದನ್ನು ಬಳಸಿರುವುದುಂಟು.

ತೋಟದ ಕೀಟನಾಶಕ ತಿಂದು ಜೊಲ್ಲು ಸುರಿಸುತ್ತ ನಡುಗುವ ನಾಯಿಗೆ ಮಾತ್ರ ಇವೆರಡೂ ಕೆಲಸಕ್ಕೆ ಬಾರವು. ಆರ್ಗನೋಫಾಸ್ಫೇಟ್ ವಿಷವೂ ಪಾಪೆಯನ್ನು ಕಿರಿದಾಗಿಸಿ ಗೊಂದಲ ಹುಟ್ಟಿಸುವುದರಿಂದ, ಹಾಗೂ ಅದರ ಮದ್ದು ಅಟ್ರೋಪಿನ್ ಆಗಿರುವುದರಿಂದ, ಪ್ರಾಣಿಯ ಜೊತೆಗೆ ಅದು ಕಚ್ಚಿದ ಮಾತ್ರೆಯ ಹಾಳೆಯನ್ನೋ ಔಷಧದ ಡಬ್ಬಿಯನ್ನೋ ವೈದ್ಯರಿಗೆ ಒಯ್ದು ತೋರಿಸಬೇಕಾಗುತ್ತದೆ.