ಗಡಿನಾಡಿನ ಮಕ್ಕಳ ಹಠವೂ ಹೆತ್ತವರ ಜಾಣ್ಮೆಯೂ

ಮಕ್ಕಳ ಹಠ, ಸುಳ್ಳು, ಶಾಲೆಗೆ ಹೋಗಲೊಲ್ಲೆನೆಂಬ ರಂಪ ಯಾವ ಮನೆಗೂ ತಪ್ಪಿದ್ದಲ್ಲ. ಆದರೆ ಮನೆಯಲ್ಲೊಂದು, ಶಾಲೆಯಲ್ಲೊಂದು, ಪೇಟೆಯಲ್ಲಿ ಮತ್ತೊಂದು ಭಾಷೆಯಿರುವ ಊರುಗಳಲ್ಲಿ ಮಗುವಿನ ನಡತೆಯನ್ನು ಅಳೆಯುವಾಗ ಹಿರಿಯರು ತುಸು ಹೆಚ್ಚಿನ ಎಚ್ಚರ ವಹಿಸಬೇಕಾಗುತ್ತದೆ. ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡ ಮನೆಗಳನ್ನು ಕುರಿತು ನಾವು ಈ ಮಾತನ್ನು ಹೇಳುತ್ತಿದ್ದೇವೆ.

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಬಹುಭಾಗ ಹಾಗೂ ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕು ಆಂಧ್ರಪ್ರದೇಶದ ಪಾಲಾದವು. ಈಗ ಮೊದಲಿನೆರಡು ಸಂಗಾರೆಡ್ಡಿ ಜಿಲ್ಲೆಯಲ್ಲೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲೂ ಇವೆ. ಅಲ್ಲಿನ ಕನ್ನಡ ಮನೆಯ ಮಗು ಅವ್ವನ ಬಳಿ ಕನ್ನಡ, ಅಂಗಡಿಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ತೆಲುಗು ಕೇಳುತ್ತ ಬೆಳೆಯುತ್ತದೆ. 2018ರ ಕಾಯಿದೆಯಂತೆ ಆ ರಾಜ್ಯದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಹಳ್ಳಿಯಿಂದ ಹೊಸದಾಗಿ ಬಂದ ಹುಡುಗನಿಗೆ ಅಧ್ಯಾಪಕರು "ಚೆಪ್ಪು" ಎನ್ನುತ್ತಾರೆಂದು ಇಟ್ಟುಕೊಳ್ಳೋಣ. ತೆಲುಗಿನಲ್ಲಿ ಅದಕ್ಕೆ 'ಹೇಳು' ಎಂಬ ಅರ್ಥವೂ ಇದೆ, 'ಚಪ್ಪಲಿ' ಎಂಬ ಅರ್ಥವೂ ಇದೆ. ಹುಡುಗ ಬಾಗಿಲ ಬಳಿಯ ಚಪ್ಪಲಿಗಳತ್ತ ನೋಡಿದನೋ, ತರಗತಿಯೆಲ್ಲ ನಕ್ಕುಬಿಡುತ್ತದೆ. ಅಧ್ಯಾಪಕರಿಗೆ ಅದು ಉದ್ಧಟತನವಾಗಿ ಕಾಣುತ್ತದೆ. ನಾವು ಕನ್ನಡದಲ್ಲಿ ಬಳಸುವ "ಕೊಟ್ಟು" ತೆಲುಗಿನಲ್ಲಿ 'ಹೊಡೆ' ಎಂದಾಗುತ್ತದೆ! ಮರುದಿನ ಬೆಳಿಗ್ಗೆ "ಹೊಟ್ಟಿ ಬ್ಯಾನಿ ಆಗ್ಯದ ಅವ್ವಾ" ಎಂಬ ರಾಗ ಶುರುವಾದರೆ ಆಶ್ಚರ್ಯವೇನು?

ಹೊಟ್ಟೆನೋವನ್ನು ಮೊದಲು ವೈದ್ಯರಿಗೆ ತೋರಿಸಬೇಕು. ಭಾನುವಾರ ಬಾರದ ನೋವು ಸೋಮವಾರ ಬರುತ್ತಿದ್ದರೂ ಅದನ್ನು ಸೋಗೆಂದು ಗದರಬಾರದು. ಭಯದಿಂದ ಹೊಟ್ಟೆ ನಿಜವಾಗಿಯೇ ನೋಯುತ್ತದೆ. "ಯಾಕೆ ಹೋಗುವುದಿಲ್ಲ?" ಎಂದರೆ ಮಗುವಿನ ಬಾಯಿಂದ ಉತ್ತರ ಹೊರಡದು. "ನಿನ್ನೆ ಯಾರ ಪಕ್ಕ ಕುಳಿತಿದ್ದೆ? ಯಾರು ನಕ್ಕರು?" ಎಂದು ಕೇಳಿದರೆ ಸಂಗತಿ ಹೊರಬೀಳುತ್ತದೆ. ಮನೆಯಲ್ಲಿ ಉಳಿಸಿಕೊಂಡು ಸಿಹಿ ತಿನ್ನಿಸಿದರಂತೂ ನೋವು ದಿನವೂ ಬಂದೀತು. ತಂದೆಯೋ ತಾಯಿಯೋ ಜತೆಗೆ ಹೋಗಿ, ಎರಡೂ ಭಾಷೆ ಬಲ್ಲ ಮಗುವಿನ ಪಕ್ಕ ಕೂರಿಸುವಂತೆಯೂ ಕೆಲವು ತಿಂಗಳು ಕನ್ನಡದಲ್ಲೇ ಉತ್ತರಿಸಲು ಬಿಡುವಂತೆಯೂ ಅಧ್ಯಾಪಕರನ್ನು ಕೇಳಿಕೊಳ್ಳಬೇಕು. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲಕಾಲ ಬರಿದೇ ಕೇಳುತ್ತ ಮೌನವಾಗಿರುವುದು ಸಹಜ. ಮನೆಯಲ್ಲೂ ಮಾತಿಲ್ಲದಿದ್ದರೆ ಮಾತ್ರ ಕಿವಿಯನ್ನು ಪರೀಕ್ಷಿಸಬೇಕು.

ಕೆಲವು ಹೆತ್ತವರು ಗಾಬರಿಬಿದ್ದು ಮನೆಯಲ್ಲೂ ಹರುಕುಮುರುಕು ತೆಲುಗು ಆರಂಭಿಸುತ್ತಾರೆ. ಮನಸ್ಸು ಬಿಚ್ಚಿ ಮಾತಾಡಲು ಮಗುವಿಗಿದ್ದ ಒಂದು ಜಾಗವೂ ಹೋಯಿತು! ಮನೆಮಾತು ಗಟ್ಟಿಯಾಗಿದ್ದರೆ ಎರಡನೆಯದು ಅದರ ಮೇಲೆ ನಿಲ್ಲುತ್ತದೆ. ಈ ಹಂತದಲ್ಲಿ 'ಮೊದ್ದು' ಎಂಬ ಹೆಸರು ಅಂಟಿತೆಂದರೆ ಹುಡುಗ ಶಾಲೆಯನ್ನೇ ಬಿಟ್ಟಾನು.

ಇನ್ನು ಸಂತೆಯ ಹಠ. ಏನು ಕೊಡಿಸುತ್ತೇವೆ, ಏನು ಕೊಡಿಸುವುದಿಲ್ಲ ಎಂದು ಹೊರಡುವ ಮೊದಲೇ ಹೇಳಿಬಿಡಬೇಕು. ಒಂಬತ್ತು ಸಲ ಇಲ್ಲವೆಂದು ಹತ್ತನೆಯ ಚೀರಾಟಕ್ಕೆ ಸೋತರೆ, ಹತ್ತು ಸಲ ಚೀರಬೇಕೆಂಬ ಪಾಠವನ್ನು ನಾವೇ ಕಲಿಸಿದಂತಾಯಿತು. ಅವ್ವ ಬೇಡವೆಂದುದನ್ನು ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಡಿಸುವ ಮನೆಗಳಲ್ಲಿ ಮೊದಲು ಹಿರಿಯರೇ ಒಂದು ಒಪ್ಪಂದಕ್ಕೆ ಬರುವುದೊಳ್ಳೆಯದು. ರೊಟ್ಟಿ ಬಡಿಯುವ ಹೊತ್ತಿಗೆ ಮಗು ಕಾಡದಿರಲೆಂದು ಮೊಬೈಲ್ ಕೊಡುವ ತಾಯಂದಿರನ್ನು ನಾವು ದೂರುವುದಿಲ್ಲ. ಆದರೆ 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದು ಹಿಡಿ ಜೋಳದ ಹಿಟ್ಟು ಕೊಟ್ಟು ನೋಡಿರಿ, ಅದೂ ರೊಟ್ಟಿ ಬಡಿಯುತ್ತ ಕೂರುತ್ತದೆ. ಸುಳ್ಳಿನ ವಿಷಯದಲ್ಲಿ ಒಂದೇ ಮಾತು: ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳಬಾರದು. "ದುಡ್ಡು ಕದ್ದೆಯಾ?" ಎಂದರೆ ಇಲ್ಲವೆಂದೇ ಹೇಳುತ್ತದೆ. "ನಿನ್ನ ಬಳಿಯಿರುವ ಐದು ರೂಪಾಯಿಯನ್ನು ಅಜ್ಜಿಗೆ ಹಿಂದಕ್ಕೆ ಕೊಟ್ಟು ಬಾ" ಎಂದರೆ ಕೆಲಸವಾಗುತ್ತದೆ.

ನಾರಾಯಣಖೇಡದ ಕಡೆ ಇವೆಲ್ಲಕ್ಕಿಂತ ಕಠಿಣವಾದ ಸಂಗತಿಯೊಂದಿದೆ. ಕಬ್ಬು ಕಡಿಯುವ ಕಾಲ ಬಂತೆಂದರೆ ಬಡ ಕುಟುಂಬಗಳು, ತಾಂಡಾಗಳ ಜನರು ತಿಂಗಳುಗಟ್ಟಲೆ ಗುಳೆ ಹೋಗುತ್ತಾರೆ. ಅಜ್ಜಿಯ ಬಳಿ ಉಳಿದ ಮಗು ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತದೆ, ಓರಗೆಯವರನ್ನು ಕಚ್ಚುತ್ತದೆ. ಇದು ಕೆಟ್ಟತನವಲ್ಲ, ದುಃಖ. ಮಗು ಮಲಗಿದ್ದಾಗ ಗುಟ್ಟಾಗಿ ಹೊರಟುಹೋಗಬಾರದು. ಅತ್ತರೂ ಸರಿ, ಹೇಳಿಯೇ ಹೋಗಬೇಕು. ಖಚಿತವಿಲ್ಲದೆ "ಯುಗಾದಿಗೆ ಬರುತ್ತೇವೆ" ಎನ್ನಬಾರದು. ದಿನವೂ ಒಂದೇ ಹೊತ್ತಿಗೆ ಫೋನು ಮಾಡಬೇಕು. ಒದ್ದೆ ಹಾಸಿಗೆಯನ್ನು ಓಣಿಗೆ ತೋರಿಸಿ ನಗಿಸುವುದು ಬೇಡ. ಐದಾರು ವರ್ಷ ಕಳೆದೂ ನಿಲ್ಲದಿದ್ದರೆ ವೈದ್ಯರ ಸಲಹೆ ಪಡೆಯಬೇಕು.

ಮಕ್ಕಳನ್ನು ಜತೆಗೇ ಕರೆದೊಯ್ಯುವವರಿಗೆ 2009ರ ಶಿಕ್ಷಣ ಹಕ್ಕು ಕಾಯಿದೆಯ ನೆರವಿದೆ. 6ರಿಂದ 14 ವರ್ಷದ ಮಗು ರಾಜ್ಯದ ಗಡಿ ದಾಟಿದರೂ ಇನ್ನೊಂದು ಸರಕಾರಿ ಶಾಲೆಗೆ ವರ್ಗವಾಗಬಹುದು. ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡತಕ್ಕದ್ದು. ಪತ್ರ ತಡವಾಯಿತೆಂದು ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. ಕಬ್ಬಿನ ಹೊಲ ಕರ್ನಾಟಕದಲ್ಲಿದ್ದರೆ ಮನೆಮಾತಿನಲ್ಲೇ ಪಾಠ ಹೇಳುವ ಸರಕಾರಿ ಶಾಲೆ ಹತ್ತಿರದಲ್ಲೇ ಇದ್ದೀತು. ಗಂಟುಮೂಟೆ ಕಟ್ಟುವ ಮೊದಲೇ ಶಾಲೆಗೆ ಹೋಗಿ ಆ ಪತ್ರವನ್ನು ಕೇಳಿ ಪಡೆದಿರಬೇಕು.