ಅರಿಸಿನ ಕೆಂಪಾಗುವುದೇಕೆ?

ಬಿಳಿಯ ಬಟ್ಟೆಗೆ ಅಂಟಿದ ಅರಿಸಿನದ ಕಲೆಯು ಸಾಬೂನು ತಗುಲಿದೊಡನೆ ಕೆಂಪಾಗುವುದನ್ನು ವಾಚಕರು ನೋಡಿರಬಹುದು. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರನ್ನು ಸಿದ್ಧಪಡಿಸುವುದೂ ಇದೇ ಕ್ರಿಯೆಯಿಂದ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ವರ್ಣದ್ರವ್ಯವು ಕ್ಷಾರದೊಡನೆ ಕೆಂಪಾಗುತ್ತದೆ. ಆಮ್ಲ ಸೇರಿದರೆ ಮರಳಿ ಹಳದಿಯಾಗುತ್ತದೆ. ಹೀಗೆ ಸಸ್ಯಗಳ ಬಣ್ಣದಿಂದ ಆಮ್ಲ, ಕ್ಷಾರಗಳನ್ನು ಗುರುತಿಸುವ ಕ್ರಮವನ್ನು ರಾಬರ್ಟ್ ಬಾಯ್ಲನು 1664ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದನು.

ಮಕ್ಕಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅರಿಸಿನದ ನೀರಿನಲ್ಲಿ ಬಿಳಿಯ ಕಾಗದವನ್ನು ಅದ್ದಿ ಒಣಗಿಸಿರಿ. ಅದರ ಮೇಲೆ ಬಟ್ಟೆ ಸಾಬೂನಿನ ನೀರನ್ನು ಒಂದು ತೊಟ್ಟು ಬಿಟ್ಟರೆ ಕೆಂಪು ಮೂಡುವುದು; ನಿಂಬೆರಸ ಬಿದ್ದೊಡನೆ ಅದು ಅಳಿಯುವುದು.

ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬಾರದು. ಅದು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಒಡನೆಯೇ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರ ಬಳಿಗೆ ಕರೆದೊಯ್ಯಬೇಕು. ಬ್ಲೀಚಿಂಗ್ ಪುಡಿಯನ್ನೂ ಕಕ್ಕಸು ತೊಳೆಯುವ ಆಮ್ಲವನ್ನೂ ಯಾರೂ ಎಂದಿಗೂ ಕೂಡಿಸಕೂಡದು. ಆಗ ಹೊಮ್ಮುವ ಕ್ಲೋರಿನ್ ಅನಿಲವು 1915ರಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಸೈನಿಕರನ್ನು ಕೊಂದ ವಿಷವೇ ಆಗಿದೆ.

ಈ ಸೀಸೆ, ಡಬ್ಬಿಗಳನ್ನು ಎತ್ತರದ ಕಪಾಟಿನಲ್ಲಿರಿಸಿ, ಅರಿಸಿನ, ನಿಂಬೆ, ಸಾಬೂನುಗಳನ್ನು ಮಕ್ಕಳಿಗೆ ನಿಶ್ಚಿಂತೆಯಿಂದ ಕೊಡಿರಿ.