ಮಾದನಾಯಕನಹಳ್ಳಿಯಲ್ಲಿ ಒಂದು ಚರಂಡಿಯ ಕಡತ

ಮೆಟ್ರೊ ಹಸಿರು ಮಾರ್ಗ ಮಾದಾವರದಲ್ಲಿ ಮುಗಿಯುತ್ತದೆ. 2024ರ ನವೆಂಬರ್ 7ರಿಂದ ರೈಲು ನಾಗಸಂದ್ರ ದಾಟಿ ಇಲ್ಲಿಯತನಕ ಬರುತ್ತಿದೆ. ಮೆಟ್ಟಿಲಿಳಿದರೆ ಒಂದು ಮಗ್ಗುಲಿಗೆ ವಸ್ತುಪ್ರದರ್ಶನ ಕೇಂದ್ರದ ದೊಡ್ಡ ಛಾವಣಿಗಳು, ಇನ್ನೊಂದು ಮಗ್ಗುಲಿಗೆ ತುಮಕೂರು ರಸ್ತೆಯ ಗದ್ದಲ. ನೆಲಮಂಗಲದ ದಿಕ್ಕಿಗೆ ಸರ್ವಿಸ್ ರಸ್ತೆ ಹಿಡಿದು ಹೊರಟರೆ ಊರು ಹೇಗೆ ಬದುಕುತ್ತಿದೆ ಎಂಬುದು ಬೋರ್ಡುಗಳಲ್ಲೇ ಗೊತ್ತಾಗುತ್ತದೆ: ಗೋಡೌನ್ ಬಾಡಿಗೆಗಿದೆ, ಲಾರಿ ಬಾಡಿ ಕಟ್ಟಿಕೊಡಲಾಗುವುದು, ವೇ ಬ್ರಿಡ್ಜ್, ಇ-ಖಾತಾ ಸೈಟುಗಳು, ಪಿಜಿ, ಆರ್‌ಒ ನೀರು. ದಾಸನಪುರ ಎಪಿಎಂಸಿಯ ಕಡೆ ತಿರುಗುವ ಲಾರಿಗಳಿಗೆ ದಾರಿ ಬಿಟ್ಟು ಒಳರಸ್ತೆಗೆ ಇಳಿದರೆ ಮಾದನಾಯಕನಹಳ್ಳಿ.

ಬೆಂಗಳೂರು ಉತ್ತರ ತಾಲ್ಲೂಕು, ದಾಸನಪುರ ಹೋಬಳಿಯ ಈ ಸೀಮೆ ಮೊನ್ನೆ ಮೊನ್ನೆಯವರೆಗೆ ಗ್ರಾಮ ಪಂಚಾಯಿತಿಗಳ ಆಡಳಿತದಲ್ಲಿತ್ತು. ಈಗ ಮಾದನಾಯಕನಹಳ್ಳಿ ನಗರಸಭೆ. ಊರು ನಗರವಾದದ್ದು ಸರ್ಕಾರದ ಅಧಿಸೂಚನೆಯಿಂದ. ರಸ್ತೆಗಳು ಮಾತ್ರ ಇನ್ನೂ ಎರಡರ ನಡುವೆ ಇವೆ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು, ಶೀಟಿನ ಸಾಲುಮನೆಗಳು, ಅವುಗಳ ಬೆನ್ನಿಗೇ ಮೂರಂತಸ್ತಿನ ಬಾಡಿಗೆ ಕಟ್ಟಡಗಳು. ಪೀಣ್ಯದ ಕಾರ್ಖಾನೆಗಳಿಗೆ ಪಾಳಿ ಮೇಲೆ ಹೋಗಿಬರುವವರು ಈ ಸಾಲುಗಳಲ್ಲಿ ತುಂಬಿದ್ದಾರೆ.

ನಾನು ಬಂದದ್ದು ಒಂದು ಪ್ರಶ್ನೆ ಇಟ್ಟುಕೊಂಡು. ಇಲ್ಲಿ ದುಡ್ಡಿನ ವಿಚಾರಕ್ಕೆ ‘ಆಗಲಿ’ ಎನ್ನುವವರು ಯಾರು?

ಒಳರಸ್ತೆಯೊಂದರಲ್ಲಿ ಚರಂಡಿಯ ಪಕ್ಕ ನಿಂತೆ. ಕಾಂಕ್ರೀಟ್ ಗೋಡೆ ಒಂದಷ್ಟು ದೂರ ನೇರವಾಗಿ ಬಂದಿದೆ. ಮೊದಲ ಕೆಲವು ಮನೆಗಳ ಮುಂದೆ ಚಪ್ಪಡಿ ಮುಚ್ಚಿದೆ. ಆಮೇಲೆ ಚಪ್ಪಡಿ ಇಲ್ಲ, ಕಂಬಿಯ ತುದಿಗಳು ಮೇಲೆದ್ದಿವೆ, ಅದಕ್ಕೆ ಯಾರೋ ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿದ್ದಾರೆ, ಮಕ್ಕಳಿಗೆ ತಗುಲದಿರಲಿ ಎಂದು. ಇನ್ನೂ ಮುಂದೆ ಹೋದರೆ ಖಾಲಿ ಸೈಟಿನ ಕಾಂಪೌಂಡು ಅಡ್ಡ ಬಂದು ಚರಂಡಿ ಅಲ್ಲಿಗೇ ನಿಂತಿದೆ. ಬಟ್ಟೆ ಒಗೆದ ನೀರು ಗೋಡೆಗೆ ಬಡಿದು ರಸ್ತೆಗೆ ಮರಳುತ್ತದೆ. ಪಕ್ಕದ ಟೀ ಅಂಗಡಿಯಲ್ಲಿ ಕೇಳಿದೆ, ‘ಇದಕ್ಕೆ ಯಾರನ್ನ ಕೇಳ್ತೀರಣ್ಣ?’ ‘ಈಗ ಮೆಂಬರ್ ಅಂತ ಯಾರೂ ಇಲ್ಲ ಸಾರ್. ಪಂಚಾಯ್ತಿ ಇದ್ದಾಗಿನ ಮೆಂಬರ್ ಮನೇಗೇ ಹೋಗ್ತೀವಿ. ಅವ್ರು ಯಾರಿಗಾದ್ರೂ ಫೋನ್ ಮಾಡ್ತಾರೆ’ ಎಂದರು.

ಒಂದು ಚರಂಡಿಯ ಕಡತ ಎಲ್ಲೆಲ್ಲಿ ಸುತ್ತುತ್ತದೆ ನೋಡೋಣ. ಮೊದಲು ಅರ್ಜಿ. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡರೆ ಅದು ವಿಷಯ ನಿರ್ವಾಹಕರ ಮೇಜಿಗೆ ಹೋಗುತ್ತದೆ. ಅಲ್ಲಿ ಟಿಪ್ಪಣಿ ಹಾಳೆ ಹುಟ್ಟುತ್ತದೆ. ಎಂಜಿನಿಯರ್ ಸ್ಥಳ ನೋಡಿ, ಸರ್ಕಾರದ ದರಪಟ್ಟಿ (ಎಸ್.ಆರ್.) ಹಿಡಿದು ಅಂದಾಜುಪಟ್ಟಿ ಮಾಡುತ್ತಾರೆ: ಅಗೆತ ಇಷ್ಟು ಘನ ಮೀಟರ್, ಕಾಂಕ್ರೀಟ್ ಇಷ್ಟು, ಕಂಬಿ ಇಷ್ಟು ಕೆ.ಜಿ. ನಂತರ ಪ್ರಶ್ನೆ, ಯಾವ ಲೆಕ್ಕಶೀರ್ಷಿಕೆಯ ಹಣ? ನಗರಸಭೆಯ ಸ್ವಂತ ನಿಧಿಯದೋ, ರಾಜ್ಯ ಹಣಕಾಸು ಆಯೋಗದ ಅನುದಾನದ್ದೋ, ಕೇಂದ್ರ ಹಣಕಾಸು ಆಯೋಗದ್ದೋ? ಇದರ ಮೇಲೆ ದಾರಿ ಕವಲೊಡೆಯುತ್ತದೆ. 2021–26ರ ಅವಧಿಯ 15ನೇ ಹಣಕಾಸು ಆಯೋಗದ ಹಣದಲ್ಲಿ ನೂರಕ್ಕೆ 60 ಪಾಲನ್ನು ಕುಡಿಯುವ ನೀರು, ಒಳಚರಂಡಿ, ಕಸ ವಿಲೇವಾರಿಯಂಥ ನೈರ್ಮಲ್ಯದ ಕೆಲಸಕ್ಕೇ ಕಟ್ಟಿಹಾಕಲಾಗಿತ್ತು. ಉಳಿದ 40 ಪಾಲನ್ನು ಸ್ಥಳೀಯ ಅಗತ್ಯಕ್ಕೆ ಬಳಸಬಹುದಿತ್ತು. ಅದಕ್ಕೂ ಕ್ರಿಯಾಯೋಜನೆ ಮಾಡಿ ಜಿಲ್ಲಾಧಿಕಾರಿಗಳ ಅನುಮೋದನೆ ಪಡೆಯಬೇಕಿತ್ತು.

ಸ್ವಂತ ನಿಧಿಯೂ ಮುಕ್ತವಲ್ಲ. ನೂರಕ್ಕೆ 24.10 ಪರಿಶಿಷ್ಟ ಜಾತಿ, ಪಂಗಡದವರ ಅಭಿವೃದ್ಧಿಗೆ, 7.25 ಇತರೆ ಬಡವರಿಗೆ, 5 ಅಂಗವಿಕಲರಿಗೆ ತೆಗೆದಿಡಬೇಕು. ಇದು ಸರಿಯಾದ ನಿಯಮ. ದುಡ್ಡು ಕೈಗೆ ಬಂದಾಗ ಗಟ್ಟಿ ದನಿಯವರ ಬೀದಿಗೇ ಹರಿಯದಂತೆ ಹಾಕಿದ ಕಟ್ಟೆ ಅದು.

ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಎರಡೂ ಸಿಕ್ಕ ಮೇಲೆ ಟೆಂಡರ್. 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಕಾಮಗಾರಿ 5 ಲಕ್ಷ ರೂಪಾಯಿ ದಾಟಿದರೆ ಟೆಂಡರ್ ಕರೆಯಲೇಬೇಕು, ಅದೂ ಆನ್‌ಲೈನ್‌ನಲ್ಲಿ. ಅದರ ಕೆಳಗಿನದಕ್ಕೆ ತುಂಡು ಗುತ್ತಿಗೆ. ಈ ಒಂದು ಗೆರೆಯ ಮೇಲೆ ರಾಜ್ಯದ ಎಷ್ಟೋ ಊರುಗಳ ರಸ್ತೆ, ಚರಂಡಿಗಳ ಹಣೆಬರಹ ನಿಂತಿದೆ. ಒಂದೇ ಚರಂಡಿಯನ್ನು ಎರಡು ಮೂರು ತುಂಡು ಮಾಡಿ ಅಂದಾಜು ಬರೆದರೆ ಟೆಂಡರ್ ಬೇಕಾಗುವುದಿಲ್ಲ. ನೀರು ಕೊನೆ ಮುಟ್ಟುವ ಹೊಣೆ ಯಾವ ತುಂಡಿನವನದೂ ಆಗುವುದಿಲ್ಲ. ಕೆಲಸ ಆದ ಮೇಲೆ ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳ ಬರೆಯುತ್ತಾರೆ. ಮೇಲಿನ ಎಂಜಿನಿಯರ್ ತಾಳೆ ನೋಡುತ್ತಾರೆ. ಬಿಲ್ಲು ಲೆಕ್ಕ ಶಾಖೆಗೆ ಬರುತ್ತದೆ. ಅಲ್ಲಿ ಕಟ್ಟಡ ಕಾರ್ಮಿಕರ ಸೆಸ್ಸು ನೂರಕ್ಕೆ 1, ಆದಾಯ ತೆರಿಗೆ, ಜಿಎಸ್‌ಟಿ, ಭದ್ರತಾ ಠೇವಣಿ ಮುರಿದುಕೊಂಡು ಉಳಿದದ್ದು ಗುತ್ತಿಗೆದಾರರ ಖಾತೆಗೆ. ಕೊನೆಗೆ, ವರ್ಷವೋ ಎರಡು ವರ್ಷವೋ ಕಳೆದು, ರಾಜ್ಯ ಲೆಕ್ಕಪರಿಶೋಧನೆಯವರು ಬಂದು ಆಕ್ಷೇಪಣೆ ಬರೆಯುತ್ತಾರೆ.

ಇಷ್ಟೊಂದು ಮೇಜುಗಳಲ್ಲಿ ಊರಿನವರ ದನಿ ಕಡತಕ್ಕೆ ತಾಗುವ ಜಾಗ ಒಂದೇ. ಅದು ಕೌನ್ಸಿಲ್ ಸಭೆ.

1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ನಗರಸಭೆಯ ಸಾಮಾನ್ಯ ಸಭೆ ತಿಂಗಳಿಗೊಮ್ಮೆ ಸೇರಬೇಕು. ವಾರ್ಡುಗಳಿಂದ ಗೆದ್ದ ಸದಸ್ಯರ ಜೊತೆ ಶಾಸಕರು, ಸಂಸದರೂ ಮತ ಹಾಕುವ ಹಕ್ಕಿರುವ ಸದಸ್ಯರು. ಸರ್ಕಾರ ನಾಮಕರಣ ಮಾಡುವ ಐವರವರೆಗಿನ ಸದಸ್ಯರು ಮಾತಾಡಬಹುದು, ಮತ ಹಾಕುವಂತಿಲ್ಲ. ಕಾರ್ಯಸೂಚಿಗೆ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ ಅಚ್ಚು. ಮೊದಲ ವಿಷಯ, ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು. ಎರಡನೆಯದು, ಕಳೆದ ತಿಂಗಳ ಜಮಾ-ಖರ್ಚು. ನಂತರ ಟೆಂಡರ್‌ಗಳು, ಅಂದಾಜುಪಟ್ಟಿಗಳು, ಹೊರಗುತ್ತಿಗೆ ನೌಕರರ ಸಂಬಳ, ಮೋಟಾರು ರಿಪೇರಿಯ ಬಿಲ್ಲುಗಳಿಗೆ ಘಟನೋತ್ತರ ಮಂಜೂರಾತಿ. ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’.

ಇದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಎರಡನೆಯ ವಿಷಯ. ಜಮಾ-ಖರ್ಚಿನ ಹಾಳೆ ಮುಂದಿಟ್ಟುಕೊಂಡು ಒಬ್ಬ ಸದಸ್ಯೆ ‘ಟ್ಯಾಂಕರ್‌ಗೆ ಇಷ್ಟು ದುಡ್ಡು ಬರೆದಿದ್ದೀರಿ, ನಮ್ಮ ವಾರ್ಡಿಗೆ ಒಂದು ಟ್ಯಾಂಕರೂ ಬಂದಿಲ್ಲ’ ಎಂದು ಎದ್ದು ನಿಂತರೆ ಆ ಮಾತಿಗೆ ಪೌರಾಯುಕ್ತರು ಉತ್ತರ ಹೇಳಬೇಕು. ಪ್ರಶ್ನೆ ಕೇಳಿದ್ದೂ ಉತ್ತರ ಬಂದದ್ದೂ ನಡವಳಿ ಪುಸ್ತಕಕ್ಕೆ ಹೋಗಬೇಕು. ಸದಸ್ಯರೆಲ್ಲ ಚೊಕ್ಕವಾಗಿರುತ್ತಾರೆ ಎಂದು ಯಾರೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಜಗಳ, ಪಕ್ಷ, ಗುತ್ತಿಗೆದಾರರ ನಂಟಸ್ತನ ಎಲ್ಲ ಇರುತ್ತವೆ. ಆದರೂ ಒಬ್ಬರ ಮೇಲೊಬ್ಬರಿಗೆ ಕಣ್ಣಿರುತ್ತದೆ. ಆ ಕಣ್ಣೇ ಊರಿನ ಕಾವಲು.

ಮಾದನಾಯಕನಹಳ್ಳಿ ನಗರಸಭೆಯಾದ ಮೇಲೆ ಇಲ್ಲಿನ ತೀರ್ಮಾನಗಳು ಆಡಳಿತಾಧಿಕಾರಿಯ ಹೆಸರಲ್ಲಿ ಆಗುತ್ತ ಬಂದಿವೆ. ಚುನಾಯಿತ ಕೌನ್ಸಿಲ್ ಇಲ್ಲದಾಗ ಕೌನ್ಸಿಲ್‌ನ ಅಧಿಕಾರ, ಅಧ್ಯಕ್ಷರ ಅಧಿಕಾರ, ಸ್ಥಾಯಿ ಸಮಿತಿಯ ಅಧಿಕಾರ ಮೂರೂ ಆಡಳಿತಾಧಿಕಾರಿಗೆ ಸೇರುತ್ತವೆ. ಪೌರಾಯುಕ್ತರು ಟಿಪ್ಪಣಿ ಮಂಡಿಸುತ್ತಾರೆ, ಆಡಳಿತಾಧಿಕಾರಿ ಅನುಮೋದಿಸುತ್ತಾರೆ. ನಡವಳಿ ಬರೆಯಲಾಗುತ್ತದೆ, ಸಹಿ ಬೀಳುತ್ತದೆ, ಕಾನೂನಿನ ಲೆಕ್ಕದಲ್ಲಿ ಎಲ್ಲ ಸಮ. ಅಧಿಕಾರಿ ಪ್ರಾಮಾಣಿಕರಿದ್ದರೆ ಕೆಲಸ ಚುರುಕಾಗಿಯೂ ನಡೆಯಬಹುದು. ಆದರೆ ಅವರಿಗೆ ಬೇರೆ ಹುದ್ದೆಯ ಹೊರೆಯೂ ಇರುತ್ತದೆ, ವರ್ಗಾವಣೆಯೂ ಇರುತ್ತದೆ. ಟೀ ಅಂಗಡಿಯ ಎದುರಿನ ಚರಂಡಿ ಅವರ ಕಣ್ಣಿಗೆ ಬೀಳುವುದು ಅಂದಾಜುಪಟ್ಟಿಯ ಅಂಕಿಯಾಗಿ ಮಾತ್ರ.

ಪಂಚಾಯಿತಿ ಕಾಲದಲ್ಲಿ ಇಷ್ಟಾದರೂ ಇತ್ತು. 1993ರ ಪಂಚಾಯತ್ ರಾಜ್ ಅಧಿನಿಯಮ ವಾರ್ಡ್ ಸಭೆ, ಗ್ರಾಮ ಸಭೆಗಳನ್ನು ಕಡ್ಡಾಯ ಮಾಡಿತು. ಪ್ರತಿ ವರ್ಷ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಜಮಾಬಂದಿ. ಹಿಂದಿನ ವರ್ಷದ ಲೆಕ್ಕವನ್ನು ಜನರೆದುರು ಓದಬೇಕು, ಆದ ಕಾಮಗಾರಿಗಳನ್ನು ಹೋಗಿ ನೋಡಬೇಕು. ಎಷ್ಟೋ ಕಡೆ ಅದು ಕಾಟಾಚಾರಕ್ಕೆ ನಡೆಯುತ್ತದೆ, ನಿಜ. ಆದರೆ ಟೇಪು ಹಿಡಿದು ಚರಂಡಿ ಅಳೆಯಿರಿ ಎನ್ನುವ ಹಕ್ಕು ಹಳ್ಳಿಯ ಯಾರಿಗೂ ಇತ್ತು. ಊರು ದೊಡ್ಡದಾಯಿತು, ತೆರಿಗೆ ಹೆಚ್ಚಾಯಿತು, ಗೋಡೌನುಗಳು ಬಂದವು. ಹೀಗೆ ಬೆಳೆದ ಊರಿಗೆ ಹಳ್ಳಿಯಾಗಿದ್ದಾಗಿನ ಹಕ್ಕಿಗಿಂತ ಕಡಿಮೆ ಹಕ್ಕು ಸಿಗುವುದು ನ್ಯಾಯವಲ್ಲ.

ತೆರಿಗೆಯನ್ನೇ ನೋಡಿ. ಈಗ ನಗರಸಭೆಗಳಲ್ಲಿ ಆಸ್ತಿ ತೆರಿಗೆಗೆ ಮಾರ್ಗಸೂಚಿ ದರವೇ ಆಧಾರ. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಕಾನೂನು ಗೆರೆ ಹಾಕಿದೆ. ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಕೌನ್ಸಿಲ್ ತೀರ್ಮಾನಿಸಬೇಕು. ಪ್ರತಿ ವರ್ಷ ನೂರಕ್ಕೆ 3ರಿಂದ 5ರವರೆಗೆ ಏರಿಸಬೇಕು. ಮೂರಾಗಲಿ ಐದಾಗಲಿ, ಹೆದ್ದಾರಿ ಬದಿಯ ಗೋಡೌನಿನ ಮಾಲೀಕನಿಗೆ ಅದು ಸಣ್ಣ ವಿಷಯ. ಸಾಲುಮನೆಯ ಮಾಲೀಕ ಅದನ್ನು ಬಾಡಿಗೆಗೆ ಸೇರಿಸುತ್ತಾನೆ, ಕೊನೆಗೆ ಕಟ್ಟುವವನು ಪಾಳಿ ಕೆಲಸದ ಹುಡುಗ. ಈ ಆಯ್ಕೆ ಲೆಕ್ಕ ಶಾಖೆಯ ಕೆಲಸವಲ್ಲ, ರಾಜಕೀಯದ ಕೆಲಸ. ಅದಕ್ಕೆ ವಾದ ನಡೆಯಬೇಕು. ತೆರಿಗೆಯ ಮೇಲೆ ಗ್ರಂಥಾಲಯ ಸೆಸ್ಸು ನೂರಕ್ಕೆ 6, ಭಿಕ್ಷುಕರ ಸೆಸ್ಸು ನೂರಕ್ಕೆ 3 ಬೇರೆ. ಆ ಹಣ ನಗರಸಭೆ ವಸೂಲು ಮಾಡಿ ಬೇರೆ ಇಲಾಖೆಗೆ ಕಟ್ಟುವಂಥದ್ದು. ಸೆಸ್ಸು ಕಟ್ಟುವ ಊರು ನಮಗೊಂದು ಗ್ರಂಥಾಲಯ ಎಲ್ಲಿ ಎಂದು ಕೇಳಲೂ ಒಂದು ವೇದಿಕೆ ಬೇಕು.

ಇದು ಈ ಒಂದೇ ಊರಿನ ಪಾಡಲ್ಲ. ಮೆಟ್ರೊದಲ್ಲಿ ವಾಪಸು ಹೋದರೆ ಸಿಗುವ ಬೆಂಗಳೂರಿನ ಕಥೆಯೂ ಇದೇ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. 2025ರ ಸೆಪ್ಟೆಂಬರ್ 2ಕ್ಕೆ ಅದು ಐದು ಪಾಲಿಕೆಗಳಾಗುವ ತನಕ ಅಷ್ಟೂ ಬಜೆಟ್‌ಗಳನ್ನು ಮಂಡಿಸಿದವರು ಅಧಿಕಾರಿಗಳು. ರಾಜ್ಯದ ಬೇರೆ ಪಟ್ಟಣಗಳಲ್ಲಿ 2018ರ ಆಗಸ್ಟ್ ಕೊನೆಯ ಚುನಾವಣೆಯಲ್ಲಿ ಗೆದ್ದ ಸದಸ್ಯರು ಅಧ್ಯಕ್ಷ ಸ್ಥಾನದ ಮೀಸಲಾತಿ ತಕರಾರಿನಿಂದ 2020ರವರೆಗೆ ಕಾದು ಕೂತರು. ಗೆದ್ದ ಪ್ರಮಾಣಪತ್ರ ಕೈಯಲ್ಲಿತ್ತು, ಸಭೆ ಇರಲಿಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ಕ್ಕೆ ಜಾರಿಯಾದಾಗ ನಗರಾಡಳಿತಕ್ಕೆ ಐದು ವರ್ಷದ ಅವಧಿ ಕೊಟ್ಟು, ಅದು ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದಿತು. ಅದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಹೇಳಿತು. ವಾರ್ಡ್ ವಿಂಗಡಣೆ ಆಗಿಲ್ಲವೆಂದು ಚುನಾವಣೆ ಮುಂದೂಡಬೇಡಿ ಎಂದು 2022ರ ಮೇ 10ರ ಸುರೇಶ್ ಮಹಾಜನ್ ತೀರ್ಪೂ ಹೇಳಿತು. ಹೊಸದಾಗಿ ಹುಟ್ಟಿದ ನಗರಸಭೆಗಳು ಮಾತ್ರ ವಾರ್ಡ್ ಗಡಿ, ಮೀಸಲಾತಿ ಪಟ್ಟಿ, ಆಕ್ಷೇಪಣೆ ಎಂಬ ಸರದಿಯಲ್ಲಿ ನಿಂತೇ ಇರುತ್ತವೆ.

ಚುನಾವಣೆ ಬರುವ ತನಕ ಊರಿನವರು ಸುಮ್ಮನೆ ಕೂರಬೇಕಿಲ್ಲ. ನಗರಸಭೆಯ ಬಜೆಟ್‌ಗೆ ಮುನ್ನ ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ನಡೆಸುವ ಪದ್ಧತಿ ರಾಜ್ಯದಲ್ಲಿದೆ. ಆಡಳಿತಾಧಿಕಾರಿ ಇದ್ದರೂ ಬಜೆಟ್ ಆಗಲೇಬೇಕು, ಲೆಕ್ಕ 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರವೇ ಬರೆಯಬೇಕು. ಪೂರ್ವಭಾವಿ ಸಭೆಯ ಪ್ರಕಟಣೆಗಾಗಿ ಚಳಿಗಾಲದಲ್ಲಿ ನೋಟಿಸ್ ಬೋರ್ಡಿನ ಮೇಲೆ ಕಣ್ಣಿಟ್ಟಿರಬೇಕು. ಸಭೆಗೆ ನಾಲ್ಕು ಜನ ಹೋದರೆ ನಾಲ್ಕು ಮಾತು, ನಲವತ್ತು ಜನ ಬರಹದಲ್ಲಿ ಕೊಟ್ಟರೆ ಅದು ಕಡತ. ‘ನಮ್ಮ ಬೀದಿಗೆ ಚರಂಡಿ ಬೇಕು’ ಎಂದು ಬರೆದರೆ ಸಾಲದು. ಯಾವ ಅಡ್ಡರಸ್ತೆಯಿಂದ ಯಾವ ಮೋರಿಯವರೆಗೆ, ಎಲ್ಲಿ ಕಾಂಪೌಂಡು ಅಡ್ಡ ಬಂದಿದೆ, ಒಂದೇ ಕಾಮಗಾರಿಯಾಗಿ ಮಾಡಬೇಕು, ತುಂಡು ಮಾಡಬಾರದು ಎಂದು ಬರೆದು ಸ್ವೀಕೃತಿ ಪಡೆಯಬೇಕು.

ಆದ ಚರಂಡಿಗಾದರೆ ದಾರಿ ಇನ್ನೂ ನೇರ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ. ಕೇಳಬೇಕಾದದ್ದು ಮೂರೇ: ಆ ಕಾಮಗಾರಿಯ ಅಂದಾಜುಪಟ್ಟಿ, ಅದನ್ನು ಅನುಮೋದಿಸಿದ ನಡವಳಿಯ ನಕಲು, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು. ನಕಲಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಪುಟಗಳು ಕೈಗೆ ಬಂದ ದಿನ ಒಂದು ಟೇಪು ತಂದು, ಅಳತೆ ಪುಸ್ತಕದ ಉದ್ದವನ್ನೂ ಕಾಂಪೌಂಡಿಗೆ ಬಡಿದು ನಿಂತ ಚರಂಡಿಯ ಉದ್ದವನ್ನೂ ಟೀ ಅಂಗಡಿಯ ಎದುರೇ ತಾಳೆ ನೋಡಬಹುದು.